ಧಾರಾವಾಹಿಯ ಅಜ್ಜಿ ಅತ್ತ ದಿನ

ಟಿವಿ ಧಾರಾವಾಹಿಯ ಅಜ್ಜಿ ಸೊಸೆಯ ಕೈಹಿಡಿದು ಅಳತೊಡಗಿದಾಗ, ರೇಷ್ಮೆಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದ ಮಂಗಮ್ಮನ ಕೈ ನಿಂತಿತು. ಮೂರು ವರ್ಷದಿಂದ ಆ ಅಜ್ಜಿ ಕರೆಂಟು ಕಂಬದ ಜೊತೆ ಜಗಳವಾಡಿದ್ದಳು, ಎಮ್ಮೆಗೆ ಪೇಪರು ಓದಿ ಹೇಳಿದ್ದಳು, ಒಮ್ಮೆಯೂ ಅತ್ತಿರಲಿಲ್ಲ. ಆ ಧಾರಾವಾಹಿ ಬರೆಯುತ್ತಿದ್ದವಳು ಮಗಳು ಚೈತ್ರ. ರಜೆಯೆಂದು ಶಿಡ್ಲಘಟ್ಟಕ್ಕೆ ಬಂದವಳು ತಿಂಗಳಾದರೂ ಹೊರಟಿರಲಿಲ್ಲ.

"ಇದು ನೀನು ಬರ್ದಿದ್ದೇನಮ್ಮ?"

"ಹೂಂ," ಎಂದಳು ಚೈತ್ರ, ಟಿವಿಯ ಕಡೆ ನೋಡದೆ.

"ಸುಳ್ಳು ಹೇಳ್ಬೇಡ ಕಣೇ. ನೀನು ಬರೆಯೋ ಅಜ್ಜಿ ಹಿಂಗೆ ಅಳೋಳಲ್ಲ."

ಚೈತ್ರ ತಲೆ ತಗ್ಗಿಸಿದಳು. "ಚಾನೆಲ್‌ನೋರು ಅಜ್ಜೀನ ದಿನಾ ಅಳಿಸ್ಬೇಕು ಅಂದ್ರು. ಆಗಲ್ಲ ಅಂತ ಕೆಲಸ ಬಿಟ್ಟು ಬಂದೆ. ನಿಂಗೆ ಹೇಳೋಕೆ ಭಯವಾಯ್ತಮ್ಮ."

ಮಂಗಮ್ಮ ಎದ್ದು ಟಿವಿ ಆರಿಸಿ, ಮಗಳ ಎದುರಿಗೆ ಕೂತಳು.

"ನೀನೇ ಬರ್ದಿದ್ರೆ ಇವತ್ತು ಆ ಅಜ್ಜಿ ಏನ್ ಮಾಡ್ತಿದ್ಲು? ಹೇಳು."