ಸುವಾರ್ತಮ್ಮನ ಬಾಗಿಲು

"ಈ ಬಾಗಿಲು ಬಿಚ್ಕೊಂಡು ಹೋಗಿ, ಆಚಾರ್ರೇ," ಎಂದಳು ಸುವಾರ್ತಮ್ಮ.

ಬಡಗಿ ಲಕ್ಷ್ಮೀಪತಿ ರಿಪೇರಿ ಕೆಲಸ ಅಂದುಕೊಂಡು ಬಂದಿದ್ದ. ಈಗ ಇದ್ದಲ್ಲೇ ನಿಂತುಬಿಟ್ಟ. ಕೆಂಗೇರಿಯ ಆ ಬೀದಿಗೆ ಅದೇ ಕಡೆಯ ಮನೆ. ಆಚೆಗೆ ಬರೀ ಕುರುಚಲು ಕಾಡು, ಕಲ್ಲುಗಣಿ. ಗಂಡ ತೀರಿಹೋದ ಒಂಟಿ ಹೆಂಗಸು. ಸಾಲದ್ದಕ್ಕೆ ಊರಿಗೆ ತೋಳದ ಕಾಟ ಬೇರೆ.

"ಬಿಚ್ಚಿ?"

"ಗಣಿ ಹತ್ರ ಕಲ್ಲು ಒಡೆಯೋರ ಗುಡಿಸಲಿದೆಯಲ್ಲ, ಅಲ್ಲೊಬ್ಬಳು ಬಾಣಂತಿ ಇದಾಳೆ. ಬಾಗಿಲಿಗೆ ಬರೀ ಗೋಣಿತಾಟು ಕಟ್ಟವ್ರೆ. ನೆನ್ನೆ ರಾತ್ರಿ ತೋಳ ಮೂತಿ ಒಳಗೇ ಹಾಕಿತ್ತಂತೆ, ಗಂಡ ಕೊಳ್ಳಿ ಬೀಸಿ ಓಡ್ಸಿದಾನೆ. ಇವತ್ತೂ ಬರದೇ ಇರುತ್ತಾ? ಕತ್ತಲಾಗೋದ್ರೊಳಗೆ ಅಲ್ಲಿಗೆ ಕೂಡಿಸ್ಬಿಡಿ."

"ಅದಕ್ಕೆ ಹಳೇ ಹಲಗೆ ಹೊಡೆದುಕೊಟ್ರೆ ಆಯ್ತು. ಇದು ಹೊನ್ನೆ ಮರ, ತಾಯಿ! ನಿಮ್ಮ ಯಜಮಾನ್ರು ಆಸೆಪಟ್ಟು ಮಾಡ್ಸಿದ್ದು."

"ಅದಕ್ಕೇ ಇದನ್ನೇ ಕೊಡ್ತಿರೋದು," ಎಂದು ಸುವಾರ್ತಮ್ಮ ನಕ್ಕಳು. "ಬೆಳಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದ್ದೆ. ಯೇಸುಸ್ವಾಮಿ ಬಂದ್ರು. ಇನ್ನೂ ಹೋಗಿಲ್ಲ. ಮನೆಯೆಲ್ಲ ತುಂಬಿಹೋಗಿದೆ, ಆಚಾರ್ರೇ. ಇಷ್ಟು ಸಂತೋಷ ಇಟ್ಕೊಂಡು ಏನೂ ಕೊಡ್ದೆ ಹೇಗೆ ಸುಮ್ನೆ ಕೂತ್ಕೊಳ್ಳಲಿ?"

ಲಕ್ಷ್ಮೀಪತಿ ಒಳಗೆ ಇಣುಕಿದ. ಒಂದು ಚಾಪೆ, ಒಲೆ, ಗೋಡೆಯ ಮೇಲೆ ಮರದ ಶಿಲುಬೆ. ನರಪಿಳ್ಳೆಯೂ ಇಲ್ಲ. ಆದರೂ ಯಾರೋ ಆಡುತ್ತಿದ್ದ ಮಾತು ನಿಲ್ಲಿಸಿ ತನ್ನತ್ತ ತಿರುಗಿದಂತೆ ಅವನಿಗೆ ಅನ್ನಿಸಿತು. ಹೆಂಗಸಿಗೆ ತಲೆ ಕೆಟ್ಟಿದೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಲಗುಬಗೆಯಿಂದ ಬಾಗಿಲು ಕಳಚಿದ. ಮೊಮ್ಮಗನಿಗೆ ತೊಟ್ಟಿಲು ಕಳಿಸುವ ಅಜ್ಜಿಯ ಸಡಗರದಲ್ಲಿ ಅವಳೇ ಒಂದು ಕಡೆ ಹಿಡಿದು ಅವನ ಗಾಡಿಗೆ ಏರಿಸಿದಳು.

ಗುಡಿಸಲಿಗೆ ಬಾಗಿಲು ಒಂದು ಗೇಣು ಎತ್ತರವಾಯಿತು. ಅಂಥ ಮರಕ್ಕೆ ಗರಗಸ ಹಾಕುವಾಗ ಲಕ್ಷ್ಮೀಪತಿಯ ಹೊಟ್ಟೆ ಉರಿದುಹೋಯಿತು. ಬಾಣಂತಿ ಮಾತ್ರ ಮಗುವನ್ನು ಎತ್ತಿಕೊಂಡೇ ಒಳಗಿನಿಂದ ಅಗುಳಿ ಹಾಕಿದಳು, ತೆಗೆದಳು, ಮತ್ತೆ ಹಾಕಿ ನೋಡಿದಳು, ಆಮೇಲೆ ಅತ್ತುಬಿಟ್ಟಳು.

ಹೊತ್ತು ಮುಳುಗುತ್ತಿತ್ತು. ಕೆಲಸ ಮುಗಿಸಿದವನು ನೆಟ್ಟಗೆ ಮನೆಗೆ ಹೋಗಬಹುದಿತ್ತು. ಆದರೆ ಒಂಟಿ ಹೆಂಗಸನ್ನು ತೋಳದ ಬಾಯಿಗೆ ಬಿಟ್ಟು ಗಂಟಲಲ್ಲಿ ಮುದ್ದೆ ಇಳಿಯಬೇಡವೆ? ಬಿದಿರಿನ ತಟ್ಟಿಯೊಂದನ್ನು ಹೊತ್ತುಕೊಂಡು ಸುವಾರ್ತಮ್ಮನ ಮನೆಗೆ ಬಂದ. ಬೇಲಿಯ ಹತ್ತಿರ ಅವನ ಕಾಲು ನಿಂತುಹೋಯಿತು.

ತೋಳ ಅವನಿಗಿಂತ ಮೊದಲೇ ಬಂದಿತ್ತು. ಹೊಸ್ತಿಲಿಗೆ ಒಂದು ಮಾರು ದೂರದಲ್ಲಿ ನಿಂತಿತ್ತು. ಬರಿದಾದ ಬಾಗಿಲುವಾಡದ ಒಳಗೆ ಸುವಾರ್ತಮ್ಮ ದೀಪದ ಮುಂದೆ ಕೂತು, ಕೀರ್ತನೆ ಗುನುಗುತ್ತ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿಯೂ ನೋಡಿರಲಿಲ್ಲ. ಒಂದೇ ನೆಗೆತ ಸಾಕಿತ್ತು. ಕೂಗಿದರೆ ಎಲ್ಲಿ ಅದು ಒಳಗೆ ನುಗ್ಗೀತೋ ಎಂದು ಲಕ್ಷ್ಮೀಪತಿ ತಟ್ಟಿಯನ್ನು ಅಡ್ಡ ಹಿಡಿದ.

ಆದರೆ ತೋಳ ಅವಳನ್ನು ನೋಡುತ್ತಿರಲಿಲ್ಲ. ಅದು ಕತ್ತೆತ್ತಿ ಮೇಲೆ ನೋಡುತ್ತಿತ್ತು. ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದರೆ ಅವನ ಮುಖ ಎಲ್ಲಿರುತ್ತಿತ್ತೋ, ಸರಿಯಾಗಿ ಅಲ್ಲಿಗೆ. ಅಲ್ಲಿ ಏನೂ ಇರಲಿಲ್ಲ. ಹೊರಗೆ ಗಾಳಿ ಬೀಸುತ್ತಿತ್ತು, ಒಳಗೆ ದೀಪದ ಕುಡಿ ಅಲುಗುತ್ತಿರಲಿಲ್ಲ. ಕೊನೆಗೆ ತೋಳ ಕಿವಿ ಇಳಿಬಿಟ್ಟು, ಬೆನ್ನು ತೋರಿಸದೆ, ಹಿಂದಹಿಂದಕ್ಕೇ ಹೆಜ್ಜೆ ಇಡುತ್ತ ಕುರುಚಲಿನಲ್ಲಿ ಮರೆಯಾಯಿತು.

"ಯಾರದು, ಆಚಾರ್ರಾ?" ಎಂದು ಸುವಾರ್ತಮ್ಮ ಒಳಗಿನಿಂದ ಕೂಗಿದಳು. "ಅಲ್ಲೇ ಯಾಕೆ ನಿಂತ್ರಿ? ಒಳಗ್ ಬನ್ನಿ."

ಲಕ್ಷ್ಮೀಪತಿ ಹೊಸ್ತಿಲವರೆಗೆ ಬಂದ. ತಟ್ಟಿಯನ್ನು ಕೆಳಗಿಟ್ಟ. ತಲೆಯ ಮೇಲಿನ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಖಾಲಿ ಬಾಗಿಲಿನತ್ತ ಮುಖವೆತ್ತಿ ಮೆಲ್ಲಗೆ ಕೇಳಿದ:

"ಸ್ವಲ್ಪ ದಾರಿ ಬಿಡ್ತೀರಾ, ಸ್ವಾಮಿ?"