ನಿಂಗಯ್ಯನ ಎಡೆಗೆ ಮಲ್ಲಿಗೆ ಜಿನ್

ಬೀಗ ತೆಗೆದು ಒಳಗೆ ಕಾಲಿಡುತ್ತಲೇ ಕೆಂಚಮ್ಮ ಗಂಡನ ಫೋಟೋದ ಮುಂದಿಟ್ಟಿದ್ದ ಗ್ಲಾಸು ನೋಡಿ ಗಕ್ಕನೆ ನಿಂತಳು. ತುಂಬಿ ಮೇಲೆದ್ದಿದ್ದ ಗ್ಲಾಸಿನಲ್ಲಿ ಈಗ ಬೆರಳುದ್ದ ಕಮ್ಮಿ! ಯುಗಾದಿಯ ಎಡೆ ಇಟ್ಟು, ಸತ್ತವರು ಬಂದು ಉಣ್ಣಲೆಂದು ಬಾಗಿಲು ಹಾಕಿ, ಮನೆಯವರೆಲ್ಲ ಹೂಟಗಳ್ಳಿಯ ಸುಡುಬಿಸಿಲಿನಲ್ಲಿ ಜಗಲಿಯ ಮೇಲೆ ಕಾದಿದ್ದರು.

ನಿಂಗಯ್ಯನಿಗೆ ವರ್ಷವರ್ಷವೂ ಇಡುತ್ತಿದ್ದದ್ದು ಬರೀ ಬ್ರಾಂದಿ. ಈ ಸಲ ಸೊಸೆ ಶಾಲಿನಿ, "ಈ ಸೆಕೇಲಿ ಮಾವನಿಗೆ ತಂಪಾಗಿರ್ಲಿ ಅತ್ತೆ" ಎಂದು ಮಲ್ಲಿಗೆ ನೆನೆಸಿದ ನೀರು, ನಿಂಬೆರಸ, ಸಕ್ಕರೆ ಪಾಕಕ್ಕೆ ಜಿನ್ ಬೆರೆಸಿ, ಕುಟ್ಟಿದ ಐಸನ್ನು ಗ್ಲಾಸಿನ ಬಾಯಿ ಮೀರಿ ಗೋಪುರದಂತೆ ಪೇರಿಸಿ, ತುದಿಗೊಂದು ಮಲ್ಲಿಗೆ ಸಿಕ್ಕಿಸಿದ್ದಳು. ಮಾವನದು ಬರೀ ನೆಪ, ಕುಡಿಯುವವಳು ಇವಳೇ ಎಂದು ಕೆಂಚಮ್ಮನಿಗೆ ಆಗಲೇ ಗುಮಾನಿ.

"ಎಲ್ಲಿ, ಬಾಯಿ ಊದು." ಸೊಸೆ ಊದಿದಳು; ಬರೀ ಕಾಫಿ ವಾಸನೆ. ಮಗ ಕುಮಾರನೂ ಊದಿದ, ಬೇವು ಬೆಲ್ಲ. ಬೀಗದ ಕೈಯಂತೂ ಕೆಂಚಮ್ಮನ ಸೊಂಟ ಬಿಟ್ಟು ಕದಲಿರಲಿಲ್ಲ.

"ಐಸು ಕರಗೋಗಿದೆ ಕಣವ್ವ" ಎಂದ ಕುಮಾರ.

"ಸುಮ್ಕಿರ್ಲಾ. ನಾನಿಟ್ಟ ಬ್ರಾಂದಿ ಒಂದು ವರ್ಸನಾದ್ರೂ ಒಂದು ಹನಿ ಇಳಿದಿತ್ತಾ?"

ಕೆಂಚಮ್ಮ ಸೆರಗು ಬಿಗಿದು ಫೋಟೋದ ಹತ್ತಿರ ಹೋಗಿ, ಗಂಡನ ಕಣ್ಣಲ್ಲಿ ಕಣ್ಣಿಟ್ಟಳು.

"ಬದುಕಿರೋಗಂಟ ಮಲ್ಲಿಗೆ ವಾಸ್ನೆ ತಲೆನೋವು ಅಂತಿದ್ರಿ. ನಾನು ಮುಡಿದ್ರೆ ಮಗ್ಗುಲು ತಿರುಗಿ ಮಲಗ್ತಿದ್ರಿ. ಈಗ ಅಲ್ಲಿ ಯಾವಳು ರೂಢಿ ಮಾಡ್ಸಿದ್ಲು?"