ತಂಗಿಯ ಪಾಲಿನ ಮಿಠಾಯಿ

"ಅರವತ್ತು ದಾಟಿದ್ರೂ ಒಸಡು ಎಷ್ಟು ಗಟ್ಟಿ ನೋಡಿ," ಎನ್ನುತ್ತ ಹಲ್ಲಿನ ಡಾಕ್ಟರು ತಂಗಿಯ ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ನರ್ಸನ್ನು ಕರೆದರು. ಕಟ್ಟಿಸುವ ಹಲ್ಲಿಗೆ ಅಳತೆ ಕೊಟ್ಟು ಕೂತಿದ್ದ ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವಳ ಬಾಯಲ್ಲಿ ಉಳಿದದ್ದು ಮೂರೇ ಹಲ್ಲು.

"ಚಿಕ್ಕಂದಿನಲ್ಲಿ ಏನು ತಿಂತಿದ್ರಮ್ಮ?"

"ಸೊಪ್ಪು, ತರಕಾರಿ. ಅಕ್ಕನ ಪಾಲಿಂದೂ ನಾನೇ ತಿಂತಿದ್ದೆ," ಎಂದಳು ತಂಗಿ. "ಅಮ್ಮ ಆಚೆ ತಿರುಗಿದ್ರೆ ಸಾಕು, ತನ್ನ ಸೊಪ್ಪನ್ನ ನನ್ನ ತಟ್ಟೆಗೆ ಸುರಿದು, ನನ್ನ ಮಿಠಾಯಿ ಎತ್ಕೊಳ್ತಿದ್ಲು. ಆಗ ಇವಳನ್ನ ಕಂಡ್ರೆ ನನಗೆಷ್ಟು ಹೊಟ್ಟೆಕಿಚ್ಚು ಅಂತೀರಿ."

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಮೆಟ್ಟಿಲಿಳಿದವಳೇ ಪಕ್ಕದ ಅಂಗಡಿಯಿಂದ ಡಬ್ಬಿ ತುಂಬ ಮಿಠಾಯಿ ತಂದು ತಂಗಿಯ ಕೈಗಿಟ್ಟಳು.

"ತಗೋ, ನಿನ್ನ ಪಾಲು. ಒಬ್ಬಳೇ ತಿನ್ನು. ಮುಗಿದ ತಕ್ಷಣ ಹೇಳು, ಇನ್ನೊಂದು ಡಬ್ಬಿ ತರ್ತೀನಿ."